ಸ್ಕ್ರೀನ್ ಕೆಂಪಾದರೂ ಪರವಾಗಿಲ್ಲ: ಟ್ರ್ಯಾಕ್ ಡೇಗೆ ನನ್ನ ಸ್ವಿಫ್ಟ್‌ನ ಅಲೈನ್‌ಮೆಂಟ್ ಮಾಡಿಸಿದ ಕಥೆ

ಹೋದ ವರ್ಷ ಮೊದಲ ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕ್‌ನಲ್ಲಿ ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಸ್ವಂತ ಕಾರನ್ನೇ ಟ್ರ್ಯಾಕ್ ಮೇಲೆ ಓಡಿಸಲು ಬಿಡುವ ದಿನಕ್ಕೆ, ಹೋಗಿ ಬಂದೆ. ಮಾರನೇ ದಿನ ಕಾರು ತೊಳೆಯುವಾಗ ಮುಂದಿನ ಟೈರ್‌ನ ಹೊರ ಅಂಚಿಗೆ ಕೈ ಇಟ್ಟರೆ ತುರಿಮಣೆ ಮುಟ್ಟಿದ ಹಾಗಾಯಿತು. ರಬ್ಬರ್ ಎಳೆಎಳೆಯಾಗಿ ಕಿತ್ತು ಬಂದಿತ್ತು. ಅದೇ ಟೈರ್‌ನ ಒಳ ಅರ್ಧ ಮಾತ್ರ ಹೊಸದರ ಹಾಗೇ ಇತ್ತು. ಆರು ತಿಂಗಳು ಓಡಬೇಕಿದ್ದ ಎರಡು ಟೈರ್ ಒಂದೇ ದಿನಕ್ಕೆ ಮುಗಿದವು. ಹೊಟ್ಟೆ ಉರಿಯಿತು.

ಈ ಸಲ ಹಾಗಾಗಬಾರದು, ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಸರಿ ಮಾಡಿಸಬೇಕು ಅಂತ ಎರಡೂವರೆ ತಿಂಗಳು ಅಲೆದೆ. ಮೊನ್ನೆ ಡಿಸೆಂಬರ್ ಮೊದಲ ವಾರ ಹೋಗಿ ಬಂದೆ, ಟೈರ್ ಉಳಿಯಿತು. ಚಿಕ್ಕಮಗಳೂರು, ಹಾಸನದ ಕಡೆಯಿಂದ ಹೋಗಬೇಕು ಅಂತಿರುವವರು ನನ್ನಷ್ಟು ಅಲೆಯದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮಗಳೂರಿಗೆ ರ‍್ಯಾಲಿ ಹೊಸದಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಇಲ್ಲಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ನಡೆದಿದೆ. ಚಿಕ್ಕಂದಿನಿಂದ ನೋಡಿದ್ದು ಅದನ್ನೇ. ಆದರೆ ಮಣ್ಣಿನ ಲೆಕ್ಕ ಬೇರೆ, ಡಾಂಬರು ಟ್ರ್ಯಾಕ್‌ನ ಲೆಕ್ಕ ಬೇರೆ. ಸ್ವಿಫ್ಟ್‌ನಂಥ ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎಳೆಯುವುದೂ ಮುಂದಿನ ಚಕ್ರ, ತಿರುಗಿಸುವುದೂ ಅದೇ. ಬ್ರೇಕ್ ಹಾಕಿದಾಗ ಭಾರವೆಲ್ಲ ಬಂದು ಕೂರುವುದೂ ಅದರ ಮೇಲೇ. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಟೈರ್ ಕೂಡ ಹೊರಕ್ಕೆ ವಾಲುತ್ತದೆ, ಆಗ ನೆಲಕ್ಕೆ ಒತ್ತುವುದು ಹೊರ ಅಂಚು ಮಾತ್ರ. ಅದಕ್ಕೇ ನನ್ನ ಟೈರ್ ಹಾಗಾಗಿದ್ದು. ಚಕ್ರದ ತಲೆಯನ್ನು ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿಟ್ಟರೆ, ಅಂದರೆ ನೆಗೆಟಿವ್ ಕ್ಯಾಂಬರ್ ಕೊಟ್ಟರೆ, ತಿರುವಿನಲ್ಲಿ ಟೈರ್ ಸಪಾಟಾಗಿ ಕೂರುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ. ಅದನ್ನು ಮಾಡಿಸುವುದೇ ಕಷ್ಟವಾಯಿತು.

ಸೆಪ್ಟೆಂಬರ್ ಕೊನೆಗೆ ಊರಿನ ಒಂದು ಟೈರ್ ಅಂಗಡಿಗೆ ಹೋದೆ. ಕಂಪ್ಯೂಟರ್ ಅಲೈನ್‌ಮೆಂಟ್, 500 ರೂಪಾಯಿ. ಹುಡುಗ ಚಕ್ರಗಳಿಗೆ ಕ್ಲ್ಯಾಂಪ್ ಹಾಕಿದ, ಸ್ಕ್ರೀನ್ ಮೇಲೆ ಅಂಕಿಗಳು ಬಂದವು. ಎಡ ಮುಂದಿನ ಕ್ಯಾಂಬರ್ ಮೈನಸ್ 0 ಡಿಗ್ರಿ 15 ನಿಮಿಷ, ಬಲಕ್ಕೆ ಪ್ಲಸ್ 0 ಡಿಗ್ರಿ 5 ನಿಮಿಷ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ). ಎರಡೂ ಹಸಿರು. ಕಂಪನಿ ಕೊಟ್ಟ ಮಿತಿಯೊಳಗಿದ್ದರೆ ಹಸಿರು, ದಾಟಿದರೆ ಕೆಂಪು. ನನಗೆ ಮೈನಸ್ ಒಂದೂವರೆಗಿಂತ ಜಾಸ್ತಿ ಬೇಕು ಅಂದೆ. 'ಕೆಂಪು ಬರುತ್ತೆ ಸಾರ್, ಹಾಗೆ ಬಿಟ್ಟರೆ ಓನರ್ ಬೈತಾರೆ' ಅಂದ. ಅವನದ್ದೇನೂ ತಪ್ಪಲ್ಲ. ಹಸಿರು ಅಂದರೆ ರಸ್ತೆಯಲ್ಲಿ ಟೈರ್ ಸಮವಾಗಿ ಸವೆಯಲಿ ಅಂತ ಇಟ್ಟ ಮಿತಿ. ಟ್ರ್ಯಾಕ್‌ಗೆ ಆ ಮಿತಿ ಸಾಲದು ಅನ್ನುವುದನ್ನು ಅವನಿಗೆ ಯಾರೂ ಹೇಳಿಲ್ಲ, ಅಲ್ವಾ?

ಆ ದಿನ ಟೋ, ಅಂದರೆ ಮುಂದಿನ ಚಕ್ರಗಳ ಮೂಗು ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು ಮಾತ್ರ, ಸರಿ ಮಾಡಿಸಿಕೊಂಡು ಬಂದೆ. ನಾಲ್ಕು ದಿನಕ್ಕೆ ಸ್ಟಿಯರಿಂಗ್ ಮತ್ತೆ ಎಡಕ್ಕೆ ಎಳೆಯತೊಡಗಿತು. ವಾಪಸ್ ಹೋದೆ, ಮತ್ತೆ 500. ಮತ್ತೆ ಹಸಿರು, ವಾರದೊಳಗೆ ಮತ್ತೆ ಎಳೆತ. ಮೂರನೇ ಸಲ ಅಲ್ಲಿಗೆ ಹೋಗಲಿಲ್ಲ. ನಮ್ಮ ಹಳೆಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮುಂಭಾಗ ಜಾಕ್ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು, ಆಮೇಲೆ ಎಡಬಲ ಹಿಡಿದು ಅಲುಗಿಸಿದರು. ಬೇರಿಂಗ್ ಗಟ್ಟಿ, ಟೈ ರಾಡ್ ಎಂಡ್ (ಸ್ಟಿಯರಿಂಗ್ ಚಕ್ರಕ್ಕೆ ಸೇರುವ ಕೀಲು) ಗಟ್ಟಿ. ಆಮೇಲೆ ಕೆಳಗೆ ಮಲಗಿ, ಚಕ್ರವನ್ನು ಕಾರಿಗೆ ಹಿಡಿದಿಡುವ ಕೆಳಗಿನ ತೋಳಾದ ಲೋವರ್ ಆರ್ಮ್‌ನ ಹಿಂದಿನ ಬುಷ್‌ಗೆ (ಕೀಲಿನ ರಬ್ಬರ್) ಲಿವರ್ ಕೊಟ್ಟು ಮೀಟಿದರು. ರಬ್ಬರ್ ಬಾಯಿ ಬಿಟ್ಟಿತು. ಬುಷ್ ಹರಿದಿದ್ದರೆ ಬ್ರೇಕ್ ಹಾಕಿದಾಗೊಮ್ಮೆ ಚಕ್ರ ಹಿಂದೆ ಮುಂದೆ ಸರಿಯುತ್ತದೆ. ಅದರ ಮೇಲೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿದರೂ ನಿಲ್ಲುವುದಿಲ್ಲ. ದಯವಿಟ್ಟು ಇದನ್ನು ಮೊದಲು ನೋಡಿಸಿ. ನಮ್ಮ ಮಳೆಗಾಲದ ಗುಂಡಿಗಳಲ್ಲಿ ಓಡಿದ ಕಾರಿನ ಬುಷ್ ಗಟ್ಟಿ ಇದೆ ಅಂತ ಸುಮ್ನೆ ನಂಬಬೇಡಿ.

ಎರಡೂ ಕಡೆ ಹೊಸ ಲೋವರ್ ಆರ್ಮ್ ಹಾಕಿಸಿದೆ. ಸಾಮಾನಿಗೆ 4,200, ಕೂಲಿ 1,200. ಬಲಗಡೆಯದು ಸ್ಟಾಕ್ ಇರಲಿಲ್ಲ, ಬೆಂಗಳೂರಿನಿಂದ ಬರಲು ಎಂಟು ದಿನ ಹಿಡಿಯಿತು. ಇಲ್ಲಿ ಒಂದು ಮಾತು. ಆರ್ಮ್‌ನ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡುವುದು ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆ. ಜಾಕ್ ಮೇಲೆ ತೂಗಾಡುವಾಗಲೇ ಬಿಗಿದರೆ, ಕಾರು ಕೆಳಗಿಳಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನಮ್ಮ ಮೆಕ್ಯಾನಿಕ್‌ಗೆ ಅದು ಗೊತ್ತಿತ್ತು, ನಾನು ಹೇಳಬೇಕಾಗಲಿಲ್ಲ.

ಮುಂದಿನದು ಕ್ಯಾಂಬರ್. ಸ್ವಿಫ್ಟ್‌ನಲ್ಲಿ ಕಂಪನಿಯಿಂದ ಹೊಂದಿಸಲು ಬರುವುದು ಮುಂದಿನ ಟೋ ಒಂದೇ. ಹಿಂದೆ ಟಾರ್ಶನ್ ಬೀಮ್, ಅಂದರೆ ಎರಡೂ ಚಕ್ರ ಸೇರಿಸುವ ಒಂದೇ ಅಡ್ಡ ತೊಲೆ, ಅಲ್ಲಿ ತಿರುಗಿಸಲು ಏನೂ ಇಲ್ಲ. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಮತ್ತು ನಕಲ್ (ಚಕ್ರವನ್ನು ಹಿಡಿದಿರುವ ತುಂಡು) ಸೇರುವ ಜಾಗದಲ್ಲಿ ಎರಡು ಬೋಲ್ಟ್ ಇರುತ್ತವೆ. ಮೇಲಿನದನ್ನು ತೆಗೆದು ಕ್ಯಾಂಬರ್ ಬೋಲ್ಟ್ ಹಾಕಬಹುದು. ಅದರ ನಡುಭಾಗ ಒಂದು ಬದಿಗೆ ಉಬ್ಬಿರುತ್ತದೆ, ತಿರುಗಿಸಿದಂತೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಜೋಡಿಗೆ ಕೊರಿಯರ್ ಸೇರಿ 3,400 ಆಯಿತು. ಹನ್ನೊಂದು ದಿನ ಕಾದೆ. ಎಷ್ಟು ಮಿಲಿಮೀಟರ್ ದಪ್ಪದ ಬೋಲ್ಟ್ ಅಂತ ಮೂಲ ಬೋಲ್ಟ್ ಬಿಚ್ಚಿ ಅಳೆದೇ ಆರ್ಡರ್ ಮಾಡಿ, ಕಾರಿನ ಹೆಸರು ನಂಬಿ ಮಾಡಬೇಡಿ.

ಈ ಬೋಲ್ಟ್ ಮೂಲ ಬೋಲ್ಟ್‌ಗಿಂತ ತೆಳ್ಳಗೆ. ಹಾಗಾಗಿ ಪೊಟ್ಟಣದ ಮೇಲೆ ಬರೆದ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆ) ಸರಿಯಾಗಿ ಬಿಗಿಯಬೇಕು. ಕಡಿಮೆಯಾದರೆ ಜಾರುತ್ತದೆ, ಜಾಸ್ತಿಯಾದರೆ ತುಂಡಾಗಬಹುದು. ಬಿಗಿದ ಮೇಲೆ ಬೋಲ್ಟ್ ತಲೆಯಿಂದ ಸ್ಟ್ರಟ್‌ವರೆಗೆ ಬಿಳಿ ಪೇಂಟ್‌ನಿಂದ ಒಂದು ಗೆರೆ ಎಳೆದೆ. ಬೋಲ್ಟ್ ಜಾರಿದರೆ ಗೆರೆ ಮುರಿದು ಕಾಣುತ್ತದೆ. ಈ ಗೆರೆ ಆಮೇಲೆ ನನ್ನನ್ನು ಉಳಿಸಿತು.

ಇನ್ನೊಂದು ಅಂಗಡಿಗೆ ಹೋಗಿ ಅವರನ್ನೂ ಒಪ್ಪಿಸುವ ಬದಲು ಮೊದಲು ನಾನೇ ಅಳೆಯೋಣ ಅನ್ನಿಸಿತು. ಆಲ್ದೂರು ಕಡೆ ನಮ್ಮದೊಂದು ಸಣ್ಣ ತೋಟ ಇದೆ, ಸಿಮೆಂಟ್ ಕಣ ಇದೆ. ನವೆಂಬರ್ ಮೊದಲ ವಾರ, ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. 'ಹಣ್ಣು ಬರೋ ಹೊತ್ತಿಗೆ ಕಣ ಖಾಲಿ ಆಗಿರಬೇಕು, ಒಂದು ತೊಟ್ಟು ಗ್ರೀಸ್ ಬೀಳಬಾರದು' ಅಂದರು ಅಪ್ಪ.

ಕಣ ಕಣ್ಣಿಗೆ ಸಪಾಟಾಗಿ ಕಾಣುತ್ತದೆ. ಆದರೆ ಮಳೆ ನೀರು ಹರಿದು ಹೋಗಲಿ ಅಂತ ಕಟ್ಟುವಾಗಲೇ ಇಳಿಜಾರು ಕೊಟ್ಟಿರುತ್ತಾರೆ. ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ತಂದು ನಾಲ್ಕು ಚಕ್ರ ನಿಲ್ಲುವ ಜಾಗಗಳನ್ನು ಅಳೆದೆ. ಎಡ ಹಿಂಭಾಗ 22 ಮಿಲಿಮೀಟರ್ ತಗ್ಗು. ಮನೆ ಕಟ್ಟಿದಾಗ ಉಳಿದ ನೆಲದ ಟೈಲ್‌ಗಳನ್ನು ಒಂದರ ಮೇಲೊಂದು ಜೋಡಿಸಿ, ನಾಲ್ಕು ಕಡೆಯೂ ಟ್ಯೂಬ್‌ನ ನೀರು ಒಂದೇ ಗೆರೆಗೆ ನಿಲ್ಲುವ ಹಾಗೆ ಮಾಡಿದೆ. ಮುಂದಿನ ಚಕ್ರದ ಕೆಳಗೆ ಖಾಲಿ ಗೊಬ್ಬರದ ಚೀಲಗಳನ್ನು ಎರಡು ಪದರ ಹಾಸಿದೆ. ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಜಾರುವುದರಿಂದ ಟೋ ಬದಲಿಸಿದಾಗ ಟೈರ್ ನೆಲ ಕಚ್ಚಿ ಹಿಡಿಯುವುದಿಲ್ಲ. ಡ್ರೈವರ್ ಸೀಟಿನಲ್ಲಿ ನನ್ನ ತೂಕಕ್ಕೆ ಸರಿಯಾಗಿ 72 ಕಿಲೋ ಕೂರಿಸಿದೆ, ಹಳೆಯ ಚೆರ್ರಿ ಕಾಫಿಯ ಒಂದು ಮೂಟೆ, ಜೊತೆಗೆ ಅರ್ಧ ಮೂಟೆಯಷ್ಟು. ಕೂತ ಭಾರಕ್ಕೆ ಕಾರು ತಗ್ಗುತ್ತದೆ, ಅಂಕಿಗಳೂ ಬದಲಾಗುತ್ತವೆ. ಖಾಲಿ ಕಾರಿಗೆ ಹೊಂದಿಸಿ ಏನು ಪ್ರಯೋಜನ?

ಕ್ಯಾಂಬರ್‌ಗೆ ತೂಗುಗುಂಡು ಸಾಕು. ರಿಮ್‌ನ ಮೇಲಂಚಿನಿಂದ ಕೆಳಂಚಿಗೆ ಸುಮಾರು 400 ಮಿಲಿಮೀಟರ್. ದಾರದಿಂದ ಮೇಲಂಚಿಗೂ ಕೆಳಂಚಿಗೂ ಇರುವ ದೂರದಲ್ಲಿ 7 ಮಿಲಿಮೀಟರ್ ವ್ಯತ್ಯಾಸ ಬಂದರೆ ಹೆಚ್ಚುಕಡಿಮೆ 1 ಡಿಗ್ರಿ. ಟೋಗೆ ಕಾರಿನ ಎರಡೂ ಬದಿ ಉದ್ದಕ್ಕೆ ಮೀನಿನ ದಾರ ಕಟ್ಟಿ, ರಿಮ್‌ನ ಮುಂದಂಚು ಮತ್ತು ಹಿಂದಂಚು ದಾರದಿಂದ ಎಷ್ಟು ದೂರ ಅಂತ ಉಕ್ಕಿನ ಸ್ಕೇಲ್‌ನಲ್ಲಿ ಅಳೆಯುವುದು. ದಾರವನ್ನು ಹಿಂದಿನ ಟೈರ್‌ಗೆ ತಾಗಿಸಿ ಕಟ್ಟಬೇಡಿ. ಮುಂದಿನ ಎರಡು ಚಕ್ರಗಳ ನಡುವಿನ ಅಗಲ, ಹಿಂದಿನವುಗಳ ಅಗಲ ಒಂದೇ ಇರುವುದಿಲ್ಲ. ಎಡಬಲ ದಾರಗಳು ಹಬ್‌ಗಳಿಂದ (ಚಕ್ರದ ನಡುಭಾಗ) ಸಮ ದೂರ ಇರಬೇಕು, ಒಂದಕ್ಕೊಂದು ಸಮಾನಾಂತರ ಇರಬೇಕು. ಇದನ್ನು ಹೊಂದಿಸಲಿಕ್ಕೇ ನನಗೆ ಒಂದೂವರೆ ಗಂಟೆ ಹಿಡಿಯಿತು. ಗಾಳಿಗೆ ದಾರ ನಡುಗುತ್ತಿತ್ತು, ಅದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕಾಯಿತು.

ಕ್ಯಾಂಬರ್ ಮೊದಲು, ಟೋ ಆಮೇಲೆ. ಇದು ತಪ್ಪಬಾರದು. ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿಯೇ ಬದಲಾಗುತ್ತದೆ. ಬೋಲ್ಟ್ ಪೂರ್ತಿ ತಿರುಗಿಸಿ, ನಕಲ್‌ನ ಸಡಿಲವನ್ನೂ ಒಳಕ್ಕೆ ಒತ್ತಿ ಹಿಡಿದು ಬಿಗಿದಾಗ ಎರಡೂ ಕಡೆ 12 ಮಿಲಿಮೀಟರ್ ಹತ್ತಿರ ಬಂತು, ಅಂದರೆ ಮೈನಸ್ 1.7 ಡಿಗ್ರಿಯಷ್ಟು. ಟೈರ್‌ನ ಒಳಬದಿಗೂ ಸ್ಟ್ರಟ್‌ಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿದಿದೆಯಾ ಅಂತ ನೋಡಿಕೊಂಡೆ. ಟೋವನ್ನು ಒಂದೊಂದು ಕಡೆ 1 ಮಿಲಿಮೀಟರ್ ಹೊರಕ್ಕೆ ಇಟ್ಟೆ. ಚಕ್ರದ ಮೂಗು ತುಸು ಹೊರಕ್ಕೆ ನೋಡುತ್ತಿದ್ದರೆ ಫ್ರಂಟ್ ವೀಲ್ ಡ್ರೈವ್ ಕಾರು ತಿರುವಿಗೆ ಬೇಗ ಮೂಗು ಹಾಕುತ್ತದೆ. ಜಾಸ್ತಿ ಇಟ್ಟರೆ ನೇರ ರಸ್ತೆಯಲ್ಲಿ ಅಲೆಯುತ್ತದೆ, ಒಳ ಅಂಚು ಬೇಗ ಸವೆಯುತ್ತದೆ.

ನನ್ನ ಅಳತೆ ಸರಿಯಿದೆಯಾ ಅಂತ ತಿಳಿಯಲು ಹಾಸನದ ಒಂದು ಅಂಗಡಿಗೆ ಹೋದೆ. ಅಲ್ಲಿನವರು ಪೂರ್ತಿ ಕೇಳಿಸಿಕೊಂಡರು, ಕೆಂಪು ಬಂದರೂ ಪ್ರಿಂಟ್ ಕೊಡುತ್ತೇನೆ ಅಂದರು. 800 ರೂಪಾಯಿ. ಸ್ಕ್ರೀನ್ ಮೇಲೆ ಮೈನಸ್ 1.40 ಅಂತ ಬಂದಾಗ ಎದೆ ಧಸಕ್ಕೆಂದಿತು. ಕಣದಲ್ಲಿ 1.7 ಅಳೆದಿದ್ದೆನಲ್ಲ! ಹತ್ತು ನಿಮಿಷ ಒದ್ದಾಡಿದ ಮೇಲೆ ಗೊತ್ತಾಯಿತು, ಆ ಮಷೀನ್ ತೋರಿಸುತ್ತಿದ್ದದ್ದು 1 ಡಿಗ್ರಿ 40 ನಿಮಿಷ. ಡಿಗ್ರಿಗೆ 60 ನಿಮಿಷ, ಹಾಗಾಗಿ ಅದು 1.67 ಡಿಗ್ರಿ. ನಮ್ಮ 15 ಇಂಚಿನ ರಿಮ್‌ಗೆ ಟೋದಲ್ಲಿ 1 ಮಿಲಿಮೀಟರ್ ಅಂದರೆ ಸುಮಾರು 9 ನಿಮಿಷ. ನಿಮ್ಮ ಅಂಗಡಿಯ ಮಷೀನ್ ಯಾವ ಲೆಕ್ಕದಲ್ಲಿ ತೋರಿಸುತ್ತದೆ ಅಂತ ಮೊದಲೇ ಕೇಳಿ. ಎಡ ಟೋ 10 ನಿಮಿಷ, ಬಲ 8 ಬಂತು. ಅದನ್ನು ಸಮ ಮಾಡಿಸಿ, ಸ್ಟಿಯರಿಂಗ್ ನೇರ ಮಾಡಿಸಿ, ಎರಡು ಕೆಂಪು ಚೌಕ ಇರುವ ಆ ಹಾಳೆಯನ್ನು ಜೋಪಾನವಾಗಿ ಮಡಚಿಟ್ಟೆ. ಗೊಬ್ಬರದ ಚೀಲ, ಮೀನಿನ ದಾರದಲ್ಲಿ ಅಳೆದದ್ದು ಮಷೀನ್‌ಗೆ ಹತ್ತಿರ ಬಂದಿತ್ತು. ಬೇಲೂರು ದಾಟುವವರೆಗೂ ಆ ಖುಷಿ ಇಳಿಯಲಿಲ್ಲ.

ಟೈರ್ ವಿಷಯಕ್ಕೆ ಬರುತ್ತೇನೆ. ಹಿಂದಿನ ಎರಡು ಟೈರ್‌ಗಳ ಪಕ್ಕದಲ್ಲಿ 2318 ಅಂತ ಇತ್ತು, 2018ರ 23ನೇ ವಾರ ತಯಾರಾದದ್ದು. ಟೈರ್‌ನ ಗೀರುಗಳು ಇನ್ನೂ ಆಳ ಇದ್ದವು, ರಬ್ಬರ್ ಮಾತ್ರ ಕಲ್ಲು. ಮುಂದೆ ಹೊಸದು, ಹಿಂದೆ ಕಲ್ಲು ಅಂತಾದರೆ ತಿರುವಿನಲ್ಲಿ ಹಿಂಭಾಗ ಕೈಬಿಡುತ್ತದೆ. ಹಾಗಾಗಿ ನಾಲ್ಕನ್ನೂ ಒಂದೇ ಮಾದರಿ ಕೊಂಡೆ, ಕಂಪನಿಯ ಅಳತೆಯೇ, 185/65 ಆರ್15, ವೇಗದ ಗುರುತು ಎಚ್. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ. 21,600 ರೂಪಾಯಿ. ಅಗಲದ ಟೈರ್ ಹಾಕು ಅಂದವರು ಬಹಳ ಜನ. ಹಾಕಲಿಲ್ಲ, ಯಾಕೆಂದರೆ ಒಂದೇ ಸಲಕ್ಕೆ ಎಲ್ಲ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಹೊಚ್ಚ ಹೊಸ ಟೈರ್‌ನ ಎತ್ತರದ ರಬ್ಬರ್ ಗಟ್ಟಿಗಳು ಟ್ರ್ಯಾಕ್ ಬಿಸಿಗೆ ನುಲಿದು ಕಿತ್ತು ಬರುತ್ತವೆ, ಅರ್ಧ ಸವೆದ ಟೈರ್ ಇನ್ನೂ ಒಳ್ಳೆಯದು. ಅಷ್ಟು ಸವೆಸಲು ನನಗೆ ಸಮಯ ಇರಲಿಲ್ಲ, 1,500 ಕಿಲೋಮೀಟರ್ ಓಡಿಸಿ ಹೋದೆ.

ಕಾಗದಪತ್ರ ಕಡಿಮೆಯೇ. ಲೈಸೆನ್ಸ್ ಮೂಲ ಪ್ರತಿ, ಆರ್‌ಸಿ, ಅಪಾಯಕ್ಕೆ ನಾನೇ ಹೊಣೆ ಅಂತ ಸಹಿ ಹಾಕುವ ಪತ್ರ. ಶುಲ್ಕ 7,500 ಕೊಟ್ಟೆ. ಆದರೆ ನಿಮ್ಮ ವಾಹನ ವಿಮೆಯ ಪತ್ರವನ್ನು ಒಮ್ಮೆ ಬಿಡಿಸಿ ಓದಿ. ರೇಸಿಂಗ್, ವೇಗ ಪರೀಕ್ಷೆಗೆ ಬಳಸಿದರೆ ವಿಮೆ ಇಲ್ಲ ಅಂತ ಸ್ಪಷ್ಟವಾಗಿ ಇರುತ್ತದೆ. ಟ್ರ್ಯಾಕ್ ಮೇಲೆ ಗೋಡೆಗೆ ತಾಗಿದರೆ ಪೂರ್ತಿ ಖರ್ಚು ನಮ್ಮದೇ. ಮನೆಯಲ್ಲಿ ಇದನ್ನು ಮುಚ್ಚಿಡದೆ ಹೇಳಿದೆ. ಅಮ್ಮನಿಗೆ ಇಷ್ಟವಾಗಲಿಲ್ಲ, ಆದರೂ ಬುತ್ತಿ ಕಟ್ಟಿ ಕೊಟ್ಟರು.

ಹೊರಟದ್ದು ಹಿಂದಿನ ದಿನ ಬೆಳಗಿನ ಜಾವ. ಹಾಸನ, ಹೊಳೆನರಸೀಪುರ, ಮೈಸೂರು, ಚಾಮರಾಜನಗರ, ಪುಣಜನೂರು ಚೆಕ್‌ಪೋಸ್ಟ್, ಆಮೇಲೆ ದಿಂಬಂ ಘಾಟಿಯ 27 ಹಿಮ್ಮುರಿ ತಿರುವು. ಕಾಡಿನ ಆ ದಾರಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಇದೆ, ಹಗಲಲ್ಲೇ ದಾಟುವ ಹಾಗೆ ಹೊರಡಿ. ಘಾಟಿ ಇಳಿದು ಬಣ್ಣಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸ್ಟಿಯರಿಂಗ್ ತುಸು ಬಲಕ್ಕೆ ತಿರುಗಿ ನಿಂತಿದೆ ಅನ್ನಿಸಿತು. ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆಯ ಬಿಳಿ ಗೆರೆ ಅಕ್ಕಿ ಕಾಳಿನಷ್ಟು ಸರಿದಿತ್ತು. ದಾರಿಯಲ್ಲಿ ಯಾವುದೋ ಹಂಪ್‌ಗೋ ಗುಂಡಿಗೋ ಬೋಲ್ಟ್ ಜಾರಿತ್ತು. ಅಷ್ಟು ದುಡ್ಡು, ಅಷ್ಟು ದಿನ, ಎಲ್ಲ ನೀರಿಗೆ ಹೋಯಿತಲ್ಲ ಅಂತ ಕಣ್ಣು ತುಂಬಿತು.

ಟಾರ್ಕ್ ವ್ರೆಂಚ್ ಜೊತೆಗಿತ್ತು. ಕೊಯಮತ್ತೂರು ತಲುಪಿ ಒಂದು ಗ್ಯಾರೇಜ್‌ನಲ್ಲಿ ಜಾಕ್ ಎತ್ತಿಸಿ, ಗೆರೆಗೆ ಗೆರೆ ಕೂಡಿಸಿ ಮತ್ತೆ ಬಿಗಿದೆ. ಕಾರಣ ಆಮೇಲೆ ಹೊಳೆಯಿತು. ಬಲಗಡೆ ಬೋಲ್ಟ್ ಕೂರುವ ಜಾಗದ ತುಕ್ಕನ್ನು ನಾನು ಉಜ್ಜಿ ತೆಗೆದಿರಲಿಲ್ಲ. ತುಕ್ಕು ಪುಡಿಯಾದ ಹಾಗೆ ಬಿಗಿ ಸಡಿಲವಾಗುತ್ತದೆ. ವೈರ್ ಬ್ರಶ್‌ನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಹಾಕಿ.

ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿಲೋಮೀಟರ್ ಉದ್ದ, ತೆರೆದದ್ದು 2003ರಲ್ಲಿ. ಹೆಸರು ಎಸ್. ಕರಿವರ್ಧನ್ ಅವರದ್ದು. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಕಟ್ಟಿದವರು ಅವರು. ನನ್ನ ಮಾರುತಿಯನ್ನು ಆ ಗೇಟಿನೊಳಗೆ ಬಿಡುವಾಗ ಪ್ರತಿ ಸಲ ಅವರ ನೆನಪಾಗುತ್ತದೆ.

ತಪಾಸಣೆಯಲ್ಲಿ ಬ್ಯಾಟರಿ ಕ್ಲ್ಯಾಂಪ್, ಎಣ್ಣೆ ಸೋರಿಕೆ, ಚಕ್ರದ ನಟ್, ಎಳೆಯುವ ಕೊಂಡಿ, ಹೆಲ್ಮೆಟ್ ನೋಡಿದರು. ಸ್ಟೆಪ್ನಿ, ಜಾಕ್, ಮ್ಯಾಟ್ ಎಲ್ಲ ಹೊರಗೆ ತೆಗೆಯಬೇಕು. ಬೆಳಿಗ್ಗೆ ತಣ್ಣಗಿದ್ದಾಗ ನಾಲ್ಕೂ ಟೈರ್‌ಗೆ 29 ಪಿಎಸ್‌ಐ ಇಟ್ಟೆ. ಟೈರ್‌ನ ಭುಜದ ಮೇಲೆ ಸಣ್ಣ ತ್ರಿಕೋನದ ಗುರುತು ಇರುತ್ತದೆ. ತಿರುವಿನಲ್ಲಿ ಟೈರ್ ಎಷ್ಟು ಮಗುಚುತ್ತದೆ ಅಂತ ನೋಡಲು, ನೆಲಕ್ಕೆ ತಾಗುವ ಅಂಚಿನಿಂದ ಆ ಗುರುತು ದಾಟಿ ಪಕ್ಕದವರೆಗೆ ಸೀಮೆಸುಣ್ಣ ಹಚ್ಚಿದೆ. ಹದಿನೈದು ನಿಮಿಷದ ಮೊದಲ ಸೆಷನ್ ಮುಗಿಸಿ ಬಂದಾಗ ಮುಂದೆ 37, ಹಿಂದೆ 33. ಸುಣ್ಣ ತ್ರಿಕೋನದ ತುದಿಗೂ ಮೊದಲೇ ಅಳಿಸುವುದು ನಿಂತಿತ್ತು. ಟೈರ್ ಮಗುಚುತ್ತಿಲ್ಲ, ಗಾಳಿಯೇ ಜಾಸ್ತಿ ಅಂತ ಅರ್ಥ. ಬಿಸಿಯಲ್ಲೇ ಮುಂದೆ 34ಕ್ಕೆ ಇಳಿಸಿದೆ. ಎರಡನೇ ಸೆಷನ್‌ನಲ್ಲಿ ಸುಣ್ಣ ಸರಿಯಾಗಿ ತ್ರಿಕೋನದ ತುದಿಗೆ ಅಳಿಸಿತ್ತು. ಹೋದ ವರ್ಷ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ಹೊರಕ್ಕೇ ಹೋಗುತ್ತಿದ್ದ ತಿರುವಿನಲ್ಲಿ ಈ ಸಲ ಮೂಗು ಒಳಕ್ಕೆ ಬಂತು. ಹೆಲ್ಮೆಟ್ ಒಳಗೇ ಕೂಗಿಕೊಂಡೆ.

ಮೂರನೆಯದರಲ್ಲಿ ಹಿಂದಿನ ಟೈರ್‌ಗೆ 36 ಮಾಡಿ ನೋಡಿದೆ. ಹಿಂದಿನ ಹಿಡಿತ ತುಸು ಕಡಿಮೆಯಾದರೆ ಕಾರು ಸಲೀಸಾಗಿ ತಿರುಗುತ್ತದೆ ಅಂತ ಹೇಳುತ್ತಾರೆ. ತಿರುಗಿತು ನಿಜ. ಆದರೆ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ತಟ್ಟನೆ ಬಿಟ್ಟೆ, ಹಿಂಭಾಗ ಪಕ್ಕಕ್ಕೆ ಜಾರಿತು. ಸ್ಟಿಯರಿಂಗ್ ಎದುರು ತಿರುಗಿಸಿ, ಮತ್ತೆ ಆಕ್ಸಿಲರೇಟರ್ ಕೊಟ್ಟು ಹಿಡಿದೆ. ಕೈ ನಡುಗುತ್ತಿತ್ತು. ಒಳಗೆ ಬಂದು ಹಿಂದಕ್ಕೂ 34 ಮಾಡಿದೆ. ಹೊಸಬರು ಹಿಂದಿನ ಗಾಳಿಯನ್ನು ಹೀಗೆ ಏರಿಸಬೇಡಿ, ಮಳೆ ಬಂದರಂತೂ ಬೇಡವೇ ಬೇಡ. ಬಿಸಿ ಬ್ರೇಕ್ ಇರುವಾಗ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಡಿ. ಬಿಸಿಯಲ್ಲಿ ಇಳಿಸಿದ ಗಾಳಿ ಟೈರ್ ಆರಿದ ಮೇಲೆ 27ರ ಹತ್ತಿರ ಬರುತ್ತದೆ, ಊರಿಗೆ ಹೊರಡುವ ಮೊದಲು ಮತ್ತೆ ತುಂಬಿಸಿಕೊಳ್ಳಿ. ಗಾಳಿ ಇಳಿಸುವ ಗುಂಡಿ ಇರುವ ಗೇಜ್‌ಗೆ 1,450 ಕೊಟ್ಟಿದ್ದೆ. ಅಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ.

ಐದು ಸೆಷನ್ ಓಡಿಸಿದೆ. ಟೈರ್, ಟ್ರ್ಯಾಕ್ ಶುಲ್ಕ, ಪೆಟ್ರೋಲ್ ಬಿಟ್ಟು ಸೆಟಪ್‌ಗೆ ಆದದ್ದು ಸುಮಾರು 12,000. ಮನೆಗೆ ಬಂದು ಆಳ ಅಳೆದೆ. ಮುಂದಿನ ಟೈರ್‌ನ ಹೊರ ಅಂಚಿನಲ್ಲಿ 6 ಮಿಲಿಮೀಟರ್ ಉಳಿದಿದೆ, ಮಧ್ಯ ಮತ್ತು ಒಳಗೆ 6.5. ಹೊರಗೆ ಇನ್ನೂ ಸ್ವಲ್ಪ ಜಾಸ್ತಿ ಸವೆದಿದೆ ಅಂದರೆ ಕ್ಯಾಂಬರ್ ಇನ್ನೂ ಕಾಲು ಡಿಗ್ರಿಯಾದರೂ ಬೇಕು. ಈ ಬೋಲ್ಟ್‌ನಲ್ಲಿ ಅದು ಬರುವುದಿಲ್ಲ, ಸ್ಟ್ರಟ್‌ನ ತಲೆಯನ್ನೇ ಒಳಕ್ಕೆ ಸರಿಸುವ ಕ್ಯಾಂಬರ್ ಪ್ಲೇಟ್ ಮೇಲೆ ಹಾಕಬೇಕಾಗುತ್ತದೆ. ಸದ್ಯಕ್ಕೆ ಆ ಖರ್ಚು ಬೇಡ.

ಊರಿನ ಓಡಾಟಕ್ಕೆ ಕ್ಯಾಂಬರ್ ಹಾಗೇ ಬಿಟ್ಟು, ಟೋವನ್ನು ಮಾತ್ರ ಸೊನ್ನೆಗೆ ತಂದೆ. ರಸ್ತೆಯಲ್ಲಿ ಟೈರ್ ತಿನ್ನುವುದು ಮುಖ್ಯವಾಗಿ ಟೋ. ಕಣದಲ್ಲಿ ಈಗ ಕಾಫಿ ಹರವಿದ್ದಾರೆ, ಹಾಗಾಗಿ ಈ ಕೆಲಸಕ್ಕೆ ಮತ್ತೆ ಹಾಸನಕ್ಕೇ ಹೋಗಬೇಕಾಯಿತು. ಬರುವಾಗ ಬೇಲೂರಿನ ಹತ್ತಿರ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದೆ. ಎರಡೂ ಬಿಳಿ ಗೆರೆ ನೇರ ಇದ್ದವು.